ಗಡಿ ಮುಚ್ಚಿದ ದಿನಗಳು, ನಮ್ಮ ನೆರೆಕರೆ

ಮೊನ್ನೆ ಅಂಗಡಿಯ ಅಟ್ಟ ಗುಡಿಸುವಾಗ 2020ನೇ ಇಸವಿಯ ಸಾಲದ ಪುಸ್ತಕ ಸಿಕ್ಕಿತು. ಅಂಚಿಗೆ ಸ್ವಲ್ಪ ಗೆದ್ದಲು ಹಿಡಿದಿತ್ತು. ಬಿಸಿಲಿಗೆ ಇಡೋಣವೆಂದು ತೆಗೆದವನು ಅಲ್ಲೇ ಅಕ್ಕಿ ಗೋಣಿಯ ಮೇಲೆ ಕುಳಿತು ಪುಟ ತಿರುವತೊಡಗಿದೆ. ಊಟಕ್ಕೆ ಮನೆಯಿಂದ ಎರಡು ಸಲ ಕರೆ ಬಂದರೂ ಏಳಲಾಗಲಿಲ್ಲ. ಅದರಲ್ಲಿರುವುದು ಬೇಳೆ, ಬೆಲ್ಲ, ಸಾಬೂನುಗಳ ಲೆಕ್ಕ ಮಾತ್ರ. ಏಪ್ರಿಲ್ 17ನೇ ತಾರೀಕಿನ ಪುಟದಲ್ಲಿ ಅದೂ ಇಲ್ಲ. ಆ ಪುಟ ಖಾಲಿ.

ಕೊರೋನಾ ಕಾಲದ ಬಗ್ಗೆ ಓದಿದವರು, ವೈದ್ಯರು, ಪತ್ರಕರ್ತರು ಬೇಕಾದಷ್ಟು ಬರೆದಿದ್ದಾರೆ. ನಾನು ಮೆಟ್ರಿಕ್ ಪಾಸಾದ ಮರುವರ್ಷವೇ ತಂದೆಯವರ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು. ನನ್ನಲ್ಲಿ ದೊಡ್ಡ ವಿಚಾರಗಳಿಲ್ಲ. ಆದರೆ ಗಡಿಯ ಒಂದು ಜೀನಸು ಅಂಗಡಿಯ ಬಾಗಿಲಿನಿಂದ ಕಂಡದ್ದನ್ನು ನಮ್ಮ ಸಮಾಜ ಬಾಂಧವರಿಗೆ ಹೇಳಬೇಕೆನಿಸಿತು. ನಮ್ಮಲ್ಲಿ ಹೆಚ್ಚಿನವರು ಅಂಗಡಿ ಇಟ್ಟುಕೊಂಡವರೇ. ಆದುದರಿಂದ ನಾನು ಹೇಳುವ ಕೆಲವು ಸಂಗತಿ ನಿಮಗೆ ಬೇಗ ಅರ್ಥವಾದೀತು.

ದೂರದ ಊರುಗಳ ಓದುಗರಿಗೆ ಮೊದಲು ನಮ್ಮ ಜಾಗದ ಪರಿಚಯ ಹೇಳಬೇಕು. ಕೇರಳದ ಬಡಗಣ ತುದಿಯ ತಾಲೂಕು ಮಂಜೇಶ್ವರ. ರಾಷ್ಟ್ರಕವಿ ಗೋವಿಂದ ಪೈಗಳ ಊರು ಎಂದರೆ ಕನ್ನಡಿಗರಿಗೆಲ್ಲ ಗೊತ್ತು. ಬಂಗ್ರಮಂಜೇಶ್ವರದಲ್ಲಿ ನಮ್ಮ ಚತುರ್ಮುಖ ಬಸದಿ ಇದೆ. ಮನೆಯಲ್ಲಿ ಆಡುವುದು ತುಳು, ಓದುವುದು ಬರೆಯುವುದು ಕನ್ನಡ, ಸರಕಾರದ ಕಾಗದ ಬರುವುದು ಮಲಯಾಳದಲ್ಲಿ. ಅಂಗಡಿಯಲ್ಲಿ ಕುಳಿತರೆ ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ತಲಪಾಡಿ ದಾಟಿದರೆ ಕರ್ನಾಟಕ. ಮಂಗಳೂರಿಗೆ ಸುಮಾರು 20 ಕಿ.ಮೀ.; ನಮ್ಮ ಜಿಲ್ಲಾ ಕೇಂದ್ರವಾದ ಕಾಸರಗೋಡು ಅದಕ್ಕಿಂತ ದೂರ. ರಾಜಧಾನಿ ತಿರುವನಂತಪುರಕ್ಕೆ ಹೋಗಬೇಕಾದರೆ ಒಂದು ಇಡೀ ರಾತ್ರಿ ರೈಲಿನಲ್ಲಿ ಮಲಗಬೇಕು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ಬಿಡಿಸಿ ಕೇರಳಕ್ಕೆ ಸೇರಿಸಿದರು. ಅದರ ಬಗ್ಗೆ ಹಿರಿಯರು ಹೋರಾಡಿದ್ದುಂಟು. ಆದರೆ ನಿತ್ಯದ ಬದುಕಿನಲ್ಲಿ ಆ ಗೆರೆ ನಮಗೆ ಅಷ್ಟಾಗಿ ಅಡ್ಡ ಬಂದದ್ದಿಲ್ಲ. ಸರಕು ಮಂಗಳೂರು ಬಂದರಿನ ಸಗಟು ಅಂಗಡಿಗಳಿಂದ, ಕಾಯಿಲೆಗೆ ಮಂಗಳೂರಿನ ಆಸ್ಪತ್ರೆ, ಮಕ್ಕಳಿಗೆ ಮಂಗಳೂರಿನ ಕಾಲೇಜು, ಹೆಣ್ಣು ಕೊಡುವುದು ತರುವುದು ಎಲ್ಲ ಆ ಕಡೆಯಿಂದಲೇ. ವ್ಯಾಪಾರಿಗಳಾದ ನಮಗೆ ಮಾತ್ರ ತೆರಿಗೆಯ ಚೆಕ್‌ಪೋಸ್ಟಿನ ಕಾಟವಿತ್ತು. ಬಿಲ್ಲು ಹಿಡಿದು ಬಿಸಿಲಲ್ಲಿ ನಿಂತು ಸಾಕಾಗುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅದೂ ಹೋಯಿತು. ಇನ್ನು ಗಡಿಯೆಂಬುದು ಭೂಪಟದಲ್ಲಿ ಮಾತ್ರ ಎಂದು ನಾನು ಅಂಗಡಿಗೆ ಬಂದವರಲ್ಲಿ ಹೇಳಿದ್ದುಂಟು. ಆ ಮಾತಿಗೆ ಮೂರು ವರ್ಷವೂ ತುಂಬಲಿಲ್ಲ.

ದೇಶದ ಮೂರನೆಯ ಕೊರೋನಾ ರೋಗಿ ಪತ್ತೆಯಾದದ್ದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, 2020ರ ಫೆಬ್ರವರಿ 3ರಂದು. ಚೀನಾದ ವುಹಾನಿನಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಗುಣವಾಗಿ ಮನೆಗೆ ಹೋದರು. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಮರೆತರು. ಮಾರ್ಚ್ ಮಧ್ಯದಲ್ಲಿ ಗಲ್ಫಿನಿಂದ ಬಂದವರಲ್ಲಿ ಒಬ್ಬೊಬ್ಬರಿಗೆ ಕಾಣಿಸಿಕೊಳ್ಳತೊಡಗಿತು. ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬಿದ್ದಿತಷ್ಟೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಮೊದಲೇ ಅಂಗಡಿಗಳನ್ನು ಬೆಳಿಗ್ಗೆ 11ರಿಂದ ಸಂಜೆ 5ರ ತನಕ ಮಾತ್ರ ತೆರೆಯಬೇಕೆಂಬ ಆಜ್ಞೆಯಾಗಿತ್ತು. ಬಸದಿ, ದೇವಸ್ಥಾನ, ಮಸೀದಿಗಳೂ ಮುಚ್ಚಿದವು. ದಿನದ ಸುದ್ದಿಯಲ್ಲಿ ಕಾಸರಗೋಡಿನ ಹೆಸರು ಬಾರದ ದಿನವಿರಲಿಲ್ಲ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, “ಅಪ್ಪ, ಊರು ಯಾವುದೆಂದು ಯಾರಾದರೂ ಕೇಳಿದರೆ ಮಂಗಳೂರು ಎನ್ನುತ್ತೇನೆ” ಎಂದ.

ಕರ್ನಾಟಕದ ಕಡೆಯವರಿಗೂ ಹೆದರಿಕೆ ಸಹಜವೇ. ಮಾರ್ಚ್ ಮುಗಿಯುವಷ್ಟರಲ್ಲಿ ಗಡಿ ಪೂರ್ತಿ ಮುಚ್ಚಿತು. ಹೆದ್ದಾರಿಯಲ್ಲಿ ಪೊಲೀಸರು ನಿಂತರು. ಒಳರಸ್ತೆಗಳಿಗೆ ಟಿಪ್ಪರಿನಲ್ಲಿ ಕೆಂಪು ಮಣ್ಣು ತಂದು ಸುರಿದರು. ನಮ್ಮಲ್ಲಿಂದ ವರ್ಕಾಡಿ ಕಡೆಗೆ ಹೋಗುವ ಒಂದು ರಸ್ತೆಯಲ್ಲಿ ಅಂಥ ದಿಬ್ಬವನ್ನು ನಾನೇ ನೋಡಿದ್ದೇನೆ. ಆಳೆತ್ತರ ಇತ್ತು. ಅದರ ಆಚೆ 15 ಕಿ.ಮೀ. ಒಳಗೆ, ಮುಡಿಪು ಕಡೆ, ನನ್ನ ಅಕ್ಕನ ಮನೆ.

ಈ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಅಂಗಡಿಯ ಸುದ್ದಿ.

ಹನ್ನೊಂದಕ್ಕೆ ಬಾಗಿಲು ತೆರೆಯುವುದಾದರೆ ಹತ್ತು ಗಂಟೆಗೇ ಜನ. ಒಂದು ಮೀಟರಿಗೊಂದು ವೃತ್ತ ಬರೆಯಬೇಕೆಂದು ಹೇಳಿದ್ದರು. ಸುಣ್ಣದಲ್ಲಿ ಬರೆದೆ. ಮೊದಲ ದಿನ ಜನ ವೃತ್ತದಲ್ಲಿ ನಿಂತರು. ಎರಡನೆಯ ದಿನ ವೃತ್ತದಲ್ಲಿ ಚಪ್ಪಲಿ, ಕೊಡೆ, ಚೀಲ ಇಟ್ಟು ತಾವೆಲ್ಲ ಮಾವಿನ ಮರದಡಿ ಒಟ್ಟಿಗೆ ನಿಂತು ಮಾತಾಡತೊಡಗಿದರು. ಸೋಂಕು ಬಂದರೆ ಚಪ್ಪಲಿಗಳಿಗೆ ಬರಲಿ ಎಂಬಂತೆ. ಕೈ ತೊಳೆಯಲು ಬಾಗಿಲಲ್ಲಿ ನೀರು, ಸಾಬೂನು ಇಡಬೇಕೆಂಬ ನಿಯಮವಿತ್ತು. ಇಟ್ಟೆ. ಒಂದು ವಾರದಲ್ಲಿ ಮೂರು ಸಾಬೂನು ಮಾಯವಾದವು. ಅಂಗಡಿಯೊಳಗೆ ಹೊಸ ಸಾಬೂನು ಇರುವಾಗ ಬಳಸಿದ ಸಾಬೂನನ್ನು ಕದಿಯುವವರು ಯಾರೆಂದು ನನಗೆ ಇಂದಿಗೂ ತಿಳಿಯದು. ಕೊನೆಗೆ ಸಾಬೂನಿಗೆ ತೂತು ಮಾಡಿ ಗೋಣಿದಾರದಲ್ಲಿ ಕಂಬಕ್ಕೆ ಕಟ್ಟಿದೆ.

ಬೆಲ್ಲದ ವಿಷಯವೂ ಹೀಗೆಯೇ. ಏಪ್ರಿಲ್ ಮೊದಲ ವಾರ ಬೆಲ್ಲ ಎಂದೂ ಇಲ್ಲದಷ್ಟು ಖರ್ಚಾಯಿತು. ಜನ ಮನೆಯಲ್ಲೇ ಇರುವುದರಿಂದ ಪಾಯಸ, ಕಡುಬು ಹೆಚ್ಚಾಗಿರಬೇಕೆಂದು ನಾನು ಸಂತೋಷಪಟ್ಟೆ. ಎರಡು ಕಿಲೋ, ಮೂರು ಕಿಲೋ ಒಯ್ಯುವವರೆಲ್ಲ ಗಂಡಸರೇ, ಅದರಲ್ಲೂ ಮೊದಲು ಎಂದೂ ಸಾಮಾನಿಗೆ ಬಾರದವರು ಎಂಬುದನ್ನು ಗಮನಿಸಲು ನನಗೆ ನಾಲ್ಕು ದಿನ ಬೇಕಾಯಿತು. ಶರಾಬು ಅಂಗಡಿಗಳು ಮುಚ್ಚಿದ್ದವಷ್ಟೆ. ಅಂದಿನಿಂದ ಒಬ್ಬರಿಗೆ ಅರ್ಧ ಕಿಲೋ ಎಂದು ಬೋರ್ಡು ಹಾಕಿದೆ. ನಿಜವಾಗಿ ಪಾಯಸ ಮಾಡುವ ಹೆಂಗಸರು ಇದಕ್ಕೆ ನನ್ನೊಡನೆ ಜಗಳವಾಡಿದರು. ಅವರಿಗೆ ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ.

ಇವೆಲ್ಲ ನಗುವ ಮಾತು. ನಗಲಾಗದ ಒಂದು ಪ್ರಸಂಗ ಬೇಳೆಯದು. ಬಂದರಿನಿಂದ ಬರುತ್ತಿದ್ದ ಸರಕು ನಿಂತುಹೋಯಿತು. ಕಲ್ಲಿಕೋಟೆ ಕಡೆಯಿಂದ ಸುತ್ತಿ ಬರತೊಡಗಿತು. 20 ಕಿಲೋಮೀಟರಿನ ಬಾಡಿಗೆ ಇದ್ದಲ್ಲಿ ಅದರ ಹತ್ತು ಪಾಲಿನ ದಾರಿ. ತೊಗರಿಬೇಳೆಗೆ ಕಿಲೋಕ್ಕೆ 6 ರೂಪಾಯಿ ಏರಿಸಿದೆ. ಮರುದಿನವೇ ನೆರೆಕರೆಯ ಒಬ್ಬರು, ವಿದ್ಯಾವಂತರು, ನನ್ನ ದರದ ಬೋರ್ಡಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರು. “ಜನರ ಕಷ್ಟದಲ್ಲಿ ಕಾಸು ಮಾಡುವವರು” ಎಂದು ಅಡಿಬರಹ. ನನ್ನ ಮಗನ ಮೊಬೈಲಿಗೇ ಅದು ಬಂತು. ಎರಡು ದಿನದಲ್ಲಿ ಅಧಿಕಾರಿಗಳು ಬಂದು ಬಿಲ್ಲು, ತಕ್ಕಡಿ, ದಾಸ್ತಾನು ಎಲ್ಲ ನೋಡಿ, ಎಲ್ಲ ಸರಿಯಿದೆ ಎಂದು ಹೋದರು.

ನಾಲ್ಕು ದಶಕ ಅಂಗಡಿಯಲ್ಲಿ ಕುಳಿತವನಿಗೆ ಇದು ಎಷ್ಟು ನೋವು ಕೊಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಆ ಮನುಷ್ಯರೊಡನೆ ಮೂರು ತಿಂಗಳು ಮಾತು ಬಿಟ್ಟೆ. ಆದರೆ ಈ ಪತ್ರಿಕೆಯಲ್ಲಿ ಬರೆಯುವಾಗ ಪೂರ್ತಿ ಬರೆಯಬೇಕು. ಆ ಆರು ರೂಪಾಯಿಯಲ್ಲಿ ನಾಲ್ಕು ರೂಪಾಯಿ ಬಾಡಿಗೆ. ಉಳಿದ ಎರಡು ರೂಪಾಯಿ ನನ್ನ ಹೆದರಿಕೆ. ಮುಂದಿನ ಲಾರಿ ಬಂದೀತೋ ಇಲ್ಲವೋ, ಬಂದರೆ ಯಾವ ದರವೋ ಎಂದು ಮೊದಲೇ ಸೇರಿಸಿಕೊಂಡದ್ದು. ಬಿಲ್ಲಿನಲ್ಲಿ ಹೆದರಿಕೆ ಕಾಣುವುದಿಲ್ಲವಾದ್ದರಿಂದ ಅಧಿಕಾರಿಗಳಿಗೂ ಕಾಣಲಿಲ್ಲ. ಮೇ ತಿಂಗಳಲ್ಲಿ ಆ ಎರಡು ರೂಪಾಯಿ ಇಳಿಸಿದೆ. ಇಳಿಸಿದ್ದರ ಫೋಟೋ ಯಾರೂ ತೆಗೆಯಲಿಲ್ಲ!

ಮನೆಯ ಒಳಗಿನ ದಿನಚರಿಯೂ ಬದಲಾಗಿತ್ತು. ತರಕಾರಿ ಲಾರಿ ಬಾರದೆ ಪೇಟೆಯಲ್ಲಿ ಉಳಿದದ್ದು ಬಟಾಟೆ, ನೀರುಳ್ಳಿ ಎರಡೇ. ನಮ್ಮ ಮನೆಯ ಅಡಿಗೆಗೆ ಅವೆರಡೂ ಇಲ್ಲ. ಪುಣ್ಯಕ್ಕೆ ಗುಜ್ಜೆಯ ಕಾಲ. ಗುಜ್ಜೆ ಪಲ್ಯ, ಗುಜ್ಜೆ ಗಸಿ, ಗುಜ್ಜೆ ಪೋಡಿ, ಆಮೇಲೆ ಬೆಳೆದ ಹಲಸಿನಕಾಯಿಯ ಹುಳಿ, ಹಪ್ಪಳ. ಬಸಳೆ ಚಪ್ಪರ ಒಂದು, ತೊಂಡೆ ಚಪ್ಪರ ಒಂದು. ಹೀಗೆ ಎರಡು ತಿಂಗಳು ನಡೆಯಿತು. ಹಲಸಿನ ಬೀಜವನ್ನು ಬೇಯಿಸಿ ಹಾಲಿನಲ್ಲಿ ಕಡೆದು ಶರಬತ್ತು ಮಾಡುವುದು ಆ ವರ್ಷ ಕೇರಳದಲ್ಲೆಲ್ಲ ಹಬ್ಬಿತ್ತು. ಸೊಸೆ ನಮಗೂ ಕುಡಿಸಿದಳು. ಪರವಾಗಿಲ್ಲ.

ಒಂದು ಲಾಭವಾಯಿತೆನ್ನಬೇಕು. ಅಂಗಡಿ ಇಟ್ಟಂದಿನಿಂದ ರಾತ್ರಿ ಎಂಟೂವರೆಗೆ ಬಾಗಿಲು ಹಾಕಿ ಬಂದು ಉಣ್ಣುವುದು ನನ್ನ ಅಭ್ಯಾಸ. ಹೊತ್ತು ಮುಳುಗುವ ಮೊದಲು ಊಟ ಎಂಬ ನಿಯಮವನ್ನು ತಾಯಿ ಪಾಲಿಸುತ್ತಿದ್ದರು, ಹೆಂಡತಿ ಪಾಲಿಸುತ್ತಿದ್ದಳು, ನಾನು ಪರ್ವದ ದಿನಗಳಲ್ಲಿ ಮಾತ್ರ. ಈಗ ಸರಕಾರವೇ ಐದು ಗಂಟೆಗೆ ಬಾಗಿಲು ಹಾಕಿಸಿದ್ದರಿಂದ ಆರಕ್ಕೆ ಊಟವಾಗತೊಡಗಿತು. “ನಾನು ಹೇಳಿ ಆಗದ್ದು ಪೊಲೀಸರು ಹೇಳಿ ಆಯಿತು” ಎಂದು ತಾಯಿ ನಕ್ಕರು. ಆಗ ಅವರಿಗೆ 86. ಸ್ಯಾನಿಟೈಸರಿನ ಬಾಟ್ಲಿ ಕೈಗೆ ಕೊಟ್ಟಾಗ ಅವರು ಕೇಳಿದ ಪ್ರಶ್ನೆ ನನಗೆ ನೆನಪಿದೆ: “ಇದನ್ನು ಹಚ್ಚಿದರೆ ಅಷ್ಟೊಂದು ಜೀವ ಸಾಯುತ್ತವಂತೆ, ಹೌದಾ?” ನನಗೆ ಉತ್ತರ ತಿಳಿಯದೆ ಬಸದಿಯ ಇಂದ್ರರಿಗೆ ಫೋನ್ ಮಾಡಿದೆ. “ಮೊದಲು ಕೈ ತೊಳೆದುಕೊಳ್ಳಲಿಕ್ಕೆ ಹೇಳಿ, ಶಾಸ್ತ್ರ ಆಮೇಲೆ ನೋಡುವ” ಎಂದರು.

ಏಪ್ರಿಲ್ 6, ಸೋಮವಾರ ಮಹಾವೀರ ಜಯಂತಿ. ಬಸದಿಯಲ್ಲಿ ಇಂದ್ರರೊಬ್ಬರೇ ಅಭಿಷೇಕ ಮಾಡಿದರು. ನಾವು ಮನೆಯಲ್ಲೇ ತೊಟ್ಟಿಲಿಟ್ಟೆವು. ಅಕ್ಕ ಆ ದಿನ ವಿಡಿಯೋ ಕಾಲಿನಲ್ಲಿ ಬಂದಳು. ಅವಳ ಕಡೆಯೂ ಮನೆಯಲ್ಲೇ ಪೂಜೆ. ಫೋನು ಹಿಡಿಯಲು ಬಾರದೆ ಹಣೆ ಮಾತ್ರ ಕಾಣುತ್ತಿತ್ತು. ಮೊದಲ ಮಾತು ಯಾವಾಗಿನದ್ದೇ: “ಒಣಸ್ ಆಂಡಾ ತಮ್ಮಾ?” ಊಟವಾಯಿತೇ ಎಂದು. ಬೆಳಿಗ್ಗೆ ಒಂಬತ್ತಕ್ಕೆ ಮಾಡಿದರೂ ಅದೇ ಪ್ರಶ್ನೆ.

ಇನ್ನು ಬಾವಿಯ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನಮಗೂ ಪಕ್ಕದ ಬ್ಯಾರಿ ಕುಟುಂಬಕ್ಕೂ ಒಂದೇ ಬಾವಿ. ಎರಡು ಹಿತ್ತಲುಗಳ ನಡುವಿನ ಕೆಂಪು ಕಲ್ಲಿನ ಗೋಡೆ ಬಾವಿಯ ಕಟ್ಟೆಯವರೆಗೆ ಬಂದು ನಿಲ್ಲುತ್ತದೆ. ಅವರ ರಾಟೆ ಆ ಕಡೆ, ನಮ್ಮ ರಾಟೆ ಈ ಕಡೆ. ತಂದೆಯವರ ಕಾಲದ ಏರ್ಪಾಡು. ಎಂದೂ ಒಂದು ಮಾತು ಬಂದದ್ದಿಲ್ಲ. ಬೇಸಿಗೆಯಲ್ಲಿ ಹಗ್ಗ ಸಾಲದೆ ಹೋದರೆ ಅವರ ಹಗ್ಗ ನಾವು, ನಮ್ಮದು ಅವರು ಉಪಯೋಗಿಸಿದ್ದುಂಟು. ಆ ಮನೆಯ ಹಿರಿಮಗ ಮಾರ್ಚ್ ಮಧ್ಯದಲ್ಲಿ ದುಬಾಯಿಯಿಂದ ಬಂದ. ನಿಯಮದಂತೆ 28 ದಿನ ಮಹಡಿಯ ಕೋಣೆಯಲ್ಲಿ. ಗೇಟಿಗೆ ಚೀಟಿ ಅಂಟಿಸಿ ಹೋದರು. ಹುಡುಗ ಮರ್ಯಾದಸ್ಥ. ಕಿಟಕಿಯಿಂದ ಹೊರಗೆ ತಲೆ ಕೂಡ ಹಾಕಲಿಲ್ಲ.

ಆದರೆ ಕೇರಿಯಲ್ಲಿ ಮಾತು ಎದ್ದಿತು. ಆ ಮನೆಯ ನೀರು, ಆ ಮನೆಯ ಗಾಳಿ ಎಂದು. ಬಾವಿಯ ನೀರಿನಿಂದ ಈ ರೋಗ ಬರುವುದಿಲ್ಲವೆಂದು ಆರೋಗ್ಯ ಇಲಾಖೆಯ ದಾದಿ ಹೇಳಿದ್ದರು. ನಾನೂ ಕೇಳಿದ್ದೆ. ಆದರೂ ಅಂಗಡಿಗೆ ಬಂದವರೊಬ್ಬರು, “ಸಾವ್ಕಾರ್ರೆ, ನೀವು ಆ ಬಾವಿಯ ನೀರು ಕುಡಿದು ನಮಗೆ ಸಾಮಾನು ತೂಗುವುದಲ್ಲವಾ?” ಎಂದಾಗ ನನಗೆ ಬೆವರಿತು. ಗಿರಾಕಿ ತಪ್ಪಿಹೋದರೆ? ಅಂದು ಸಂಜೆ ಅಂಗಡಿಯಿಂದಲೇ ಒಂದು ನೈಲಾನ್ ಹಗ್ಗ, ಒಂದು ಹೊಸ ಕೊಡಪಾನ ಮನೆಗೆ ಒಯ್ದೆ. ಹಳೆಯ ಹಗ್ಗವನ್ನು ಬಿಚ್ಚಿ ಎಸೆದೆವು. ಆ ಹಗ್ಗವನ್ನು ಅವರ ಮನೆಯವರೂ ಮುಟ್ಟಿದ್ದರಲ್ಲ, ಅದಕ್ಕೆ. ಇದರಲ್ಲಿ ಬುದ್ಧಿಯೆಷ್ಟು ಎಂದು ನೀವು ಕೇಳಬಹುದು. ನೀರು ಒಂದೇ, ಹಗ್ಗ ಬೇರೆ!

ಹೊಸ ಹಗ್ಗವನ್ನು ಆ ಮನೆಯ ತಾಯಿ ನೋಡಿದರು. ಏನೂ ಹೇಳಲಿಲ್ಲ. ಮರುದಿನ ಅವರ ರಾಟೆಯಲ್ಲಿ ಕೊಡಪಾನ ಇರಲಿಲ್ಲ. ಬೆಳಕು ಹರಿಯುವ ಮೊದಲು ರಸ್ತೆಯ ನಳ್ಳಿಯಿಂದ ಅವರ ಕಿರಿಮಗ ಕ್ಯಾನಿನಲ್ಲಿ ನೀರು ಹೊರುವುದನ್ನು ನಾನು ಕಿಟಕಿಯಿಂದ ಕಂಡೆ. ಹೋಗಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ನಾಳೆ ಹೇಳೋಣ, ನಾಳಿದ್ದು ಹೇಳೋಣ ಎಂದು ದಿನ ದೂಡಿದೆ. ಏಪ್ರಿಲ್ ಎರಡನೆಯ ವಾರದಲ್ಲಿ ಹುಡುಗನ 28 ದಿನ ಮುಗಿಯಿತು. ಪರೀಕ್ಷೆಯಲ್ಲಿ ರೋಗ ಇಲ್ಲವೆಂದು ಬಂತು. ಅವನು ಕೆಳಗೆ ಇಳಿದವನೇ ಸ್ವಯಂಸೇವಕರ ಪಟ್ಟಿಗೆ ಹೆಸರು ಕೊಟ್ಟು, ಮನೆಮನೆಗೆ ಮದ್ದು ತಲುಪಿಸತೊಡಗಿದ. ನಮ್ಮ ತಾಯಿಯ ರಕ್ತದೊತ್ತಡದ ಮಾತ್ರೆಯನ್ನೂ ಅವನೇ ತಂದುಕೊಟ್ಟ, ಗೇಟಿನಲ್ಲಿ ಇಟ್ಟು ದೂರ ನಿಂತು ಕರೆದು.

ಇದರ ನಡುವೆ ಗಡಿಯ ವ್ಯಾಜ್ಯ ಕೋರ್ಟಿಗೆ ಹೋಗಿತ್ತು. ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯಲ್ಲಿ ಹಲವು ರೋಗಿಗಳು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ಹೆದ್ದಾರಿಯ ತಡೆ ತೆಗೆಯಿಸಬೇಕೆಂದು ಕೇಂದ್ರ ಸರಕಾರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿವೆ ಎಂದು ಅಲ್ಲಿ ತಿಳಿಸಲಾಗಿ ಪ್ರಕರಣ ಮುಗಿಯಿತು. ಅದರ ಹಿಂದಿನ ದಿನವೇ ಉಕ್ಕಿನಡ್ಕದಲ್ಲಿ, ವರ್ಷಗಟ್ಟಲೆ ಪೂರ್ತಿಯಾಗದೆ ಉಳಿದಿದ್ದ ನಮ್ಮ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಅವಸರದಲ್ಲಿ ಕೊರೋನಾ ಆಸ್ಪತ್ರೆಯಾಗಿ ತೆರೆದರು. ಒಂದು ಮಾತು ಹೇಳಲೇಬೇಕು. ಆ ಮೊದಲ ಸುತ್ತಿನಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಕೊರೋನಾದಿಂದ ಒಬ್ಬರೂ ಸಾಯಲಿಲ್ಲ. ಮೇ 10ಕ್ಕೆ 178 ಮಂದಿಯೂ ಗುಣವಾಗಿದ್ದರು. ನಾವು ಹೆದರಿದ್ದು ಆ ರೋಗಕ್ಕೆ. ಜನ ಹೋದದ್ದು ಬೇರೆ ರೋಗಗಳಿಂದ.

ಏಪ್ರಿಲ್ 16ರ ರಾತ್ರಿ ಒಂಬತ್ತಕ್ಕೆ ಅಳಿಯನ ಫೋನು ಬಂತು. ಅಕ್ಕನಿಗೆ ಎದೆನೋವು ಬಂದು, ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮುಗಿಯಿತೆಂದು. ಅವಳಿಗೆ 68.

ನಮ್ಮ ತುಳುನಾಡಿನ ಜೈನರಲ್ಲಿ ಅಳಿಯಸಂತಾನದ ಪದ್ಧತಿ ಇತ್ತೆಂದು ಬಲ್ಲಿರಿ. ಆಸ್ತಿಯ ಮಟ್ಟಿಗೆ ಅದು ಕಾನೂನಿನಲ್ಲಿ ಹೋಗಿರಬಹುದು, ಮನಸ್ಸಿನಲ್ಲಿ ಹೋಗಿಲ್ಲ. ಅಕ್ಕನ ಮಕ್ಕಳಿಗೆ ಸೋದರಮಾವನೇ ಹಿರಿಯ. ಮದುವೆಗೂ ಅವನೇ ಮುಂದೆ ನಿಲ್ಲಬೇಕು, ಮರಣಕ್ಕೂ ಅವನೇ. ನಾನು ಅವಳ ಒಬ್ಬನೇ ತಮ್ಮ.

ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ರೋಗಿಯಾದರೆ ಕಾಗದ ಮಾಡಿಸಿ ಬಿಡಿಸಬಹುದು, ಹೆಣ ನೋಡಲು ಹೋಗುವವರಿಗೆ ದಾರಿಯಿಲ್ಲ ಎಂಬ ಉತ್ತರವೇ ಎಲ್ಲ ಕಡೆಯಿಂದ ಬಂತು. ಹತ್ತೂವರೆಯ ಹೊತ್ತಿಗೆ ಹಿತ್ತಲ ಗೋಡೆಯ ಆಚೆಯಿಂದ ಯಾರೋ ಮೆಲ್ಲಗೆ ಕರೆದರು. ಪಕ್ಕದ ಮನೆಯ ಹುಡುಗ. ನಮ್ಮ ಮನೆಯ ಅಳು ಅವರಿಗೆ ಕೇಳಿಸಿತ್ತು.

“ವರ್ಕಾಡಿ ಕಡೆ ತೋಟದ ಒಳಗಿನಿಂದ ದಾರಿ ಉಂಟು. ಬೈಕು ದಿಬ್ಬದ ಹತ್ತಿರದ ತನಕ ಹೋಗುತ್ತದೆ. ಅಲ್ಲಿಂದ ಒಂದು ತೋಡು ದಾಟಿದರೆ ಆಚೆ. ಆಚೆ ನನ್ನ ಮಾವನ ಮಗ ಬರುತ್ತಾನೆ. ಬೆಳಗಾಗುವ ಮೊದಲು ಮುಖ ನೋಡಿ ವಾಪಸು ಬರಬಹುದು. ಬನ್ನಿ” ಎಂದ.

ನಾನು ಬಾವಿಕಟ್ಟೆಯ ಹತ್ತಿರ ನಿಂತಿದ್ದೆ. ಕತ್ತಲೆಯಲ್ಲೂ ಆ ನೈಲಾನ್ ಹಗ್ಗ ಬಿಳಿಯಾಗಿ ಕಾಣುತ್ತಿತ್ತು. “ಬೇಡ ಮಗಾ, ನೀನು ಈಗಷ್ಟೇ ಹೊರಗೆ ಬಂದವ, ನಿನಗೆ ಕೇಸಾಗುವುದು ಬೇಡ” ಎಂದೆ. ಅವನು ಇನ್ನೊಂದು ಸಲ ಕೇಳಿದ. ನಾನು ಇನ್ನೊಂದು ಸಲ ಬೇಡವೆಂದೆ.

ಅವನಿಗೆ ಕೇಸಾದೀತೆಂಬುದು ಅರ್ಧ ನಿಜ. ಉಳಿದರ್ಧ ಇದು: ಸಿಕ್ಕಿಬಿದ್ದರೆ ನನ್ನನ್ನು ಕೋಣೆಯಲ್ಲಿ ಕೂಡಿಸುತ್ತಾರೆ, ಅಂಗಡಿ ಮುಚ್ಚುತ್ತದೆ, ಲೈಸೆನ್ಸಿಗೆ ತೊಂದರೆ ಬಂದೀತು, ಬೇಳೆಯ ಫೋಟೋ ತೆಗೆದವರು ಇನ್ನೊಂದು ಫೋಟೋ ತೆಗೆದಾರು. ನನಗೆ ಸೋಂಕು ಇದ್ದು ಅಕ್ಕನ ಮನೆಯ ಮಕ್ಕಳಿಗೆ ತಗಲಿದರೆ ಎಂಬ ಯೋಚನೆಯೂ ಬಂತು. ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಈಗ ಹೇಳಲಾರೆ. ಆ ರಾತ್ರಿ ನನಗೆ ಎಲ್ಲವೂ ನ್ಯಾಯವಾಗಿಯೇ ಕಂಡಿತು. ಕಾನೂನಿಗೆ ತಲೆಬಾಗಿದೆ ಎಂದು ಹೆಂಡತಿಯಲ್ಲಿ ಹೇಳಿದೆ. ಅವಳು ಸುಮ್ಮನಿದ್ದಳು.

ಮರುದಿನ ಅಂಗಡಿ ತೆರೆಯಲಿಲ್ಲ. ಅಂತ್ಯಕ್ರಿಯೆಗೆ 20 ಮಂದಿಗಿಂತ ಹೆಚ್ಚು ಸೇರಬಾರದೆಂದು ನಿಯಮವಿತ್ತು. ಅಳಿಯನ ಪಕ್ಕದವರು ಯಾರೋ ಮೊಬೈಲ್ ಹಿಡಿದು ತೋರಿಸಿದರು. ನಮ್ಮ ಹಿತ್ತಲಿನ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸರಿಯಾಗಿ ಸಿಗುತ್ತದೆ. ಅಲ್ಲಿ ತಾಯಿಗೆ ಕುರ್ಚಿ ಹಾಕಿ, ನಾವೆಲ್ಲ ಸುತ್ತ ನಿಂತೆವು. ಅಕ್ಕನ ಮುಖ ಒಂದು ಕ್ಷಣ ಕಂಡಿತು. ಆಮೇಲೆ ಚಿತ್ರ ನಿಂತುಹೋಯಿತು. ಮತ್ತೆ ಬಂದಾಗ ಹಿಡಿದವರ ಕೈ ತಿರುಗಿ ಅಡಿಕೆ ಮರದ ತಲೆಗಳು, ಆಕಾಶ ಇಷ್ಟೇ ಕಾಣುತ್ತಿತ್ತು. ಕೊನೆಯವರೆಗೂ ಅದನ್ನೇ ನೋಡಿದೆವು. ತಾಯಿ ಅಳಲಿಲ್ಲ. “ನಮೋಕಾರ ಹೇಳಿ” ಎಂದರು. ಹೇಳಿದೆವು.

ಸಂಜೆ ಗೋಡೆಯ ಮೇಲೆ ಯಾರೋ ಏಳೆಂಟು ಬೊಂಡ ಇಟ್ಟುಹೋಗಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ.

ಮೇ ತಿಂಗಳು ಕೇರಳ ಸರಕಾರದ ಉಚಿತ ಕಿಟ್ಟಿನ ಸರದಿ ನಮ್ಮ ಬಿಳಿ ಕಾರ್ಡಿಗೂ ಬಂತು. 17 ಬಗೆಯ ಸಾಮಾನು. ಅಂಗಡಿಯವನು ಹೋಗಿ ರೇಶನ್ ಅಂಗಡಿಯಿಂದ ಸಕ್ಕರೆ, ಸಾಸಿವೆ ತರುವುದೇ ಎಂದು ಮಗ ನಾಚಿದ. ತಂದೆ. ಊರಲ್ಲಿ ಸಿಕ್ಕಿಕೊಂಡಿದ್ದ ಬಿಹಾರದ ನಾಲ್ವರು ಗಾರೆ ಕೆಲಸದವರಿಗೆ ಚೀಲ ಹಾಗೆಯೇ ಕೊಟ್ಟೆ. ಆ ತಿಂಗಳು ಆ 17 ಸಾಮಾನಿನ ನನ್ನ ವ್ಯಾಪಾರ ಅರ್ಧಕ್ಕಿಳಿಯಿತು ಎಂಬುದನ್ನೂ ಪುಸ್ತಕ ತೋರಿಸುತ್ತದೆ. ಬೇಸರವಿಲ್ಲ. ಹಸಿದವರ ಮನೆಗೆ ಅದು ತಲುಪಿದ್ದನ್ನು ಕಂಡಿದ್ದೇನೆ. ಸಾಲ ಬರೆಸಿದವರಲ್ಲಿ ಹೆಚ್ಚಿನವರು ವರ್ಷದೊಳಗೆ ತೀರಿಸಿದರು. ತೀರಿಸದವರ ಪುಟ ಹಾಗೆಯೇ ಇದೆ.

ಜೂನಿನಲ್ಲಿ ಮಳೆ ಬಂದು ಬಾವಿ ತುಂಬಿತು. ಒಂದು ಬೆಳಿಗ್ಗೆ ನೋಡುವಾಗ ಆ ಕಡೆಯ ರಾಟೆಯಲ್ಲಿ ಕೊಡಪಾನ ಇತ್ತು. ಅವರೂ ಏನೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ನೈಲಾನ್ ಹಗ್ಗ ಬಹುಕಾಲ ಬಾಳುತ್ತದೆ. ಈಗಲೂ ಅದೇ ಇದೆ.

ನಾನು ಅಕ್ಕನ ಮನೆಯ ಅಂಗಳ ಮೆಟ್ಟಿದ್ದು ಆಗಸ್ಟ್ ಕೊನೆಯಲ್ಲಿ. ರಾಜ್ಯದಿಂದ ರಾಜ್ಯಕ್ಕೆ ಹೋಗಲು ತಡೆ ಇರಬಾರದೆಂದು ಕೇಂದ್ರ ಬರೆದು, ಕರ್ನಾಟಕವೂ ಒಪ್ಪಿದ ಮೇಲೆ. ದಶಲಕ್ಷಣ ಪರ್ವದ ದಿನಗಳು. ಉತ್ತರಕ್ರಿಯೆ ಎಂದೋ ಮುಗಿದಿತ್ತು. ಅಳಿಯ ಬೊಂಡ ಕೆತ್ತಿಕೊಟ್ಟ, ಅಡಿಕೆಯ ಮಾತಾಡಿದ, ಮಳೆಯ ಮಾತಾಡಿದ. ತಾಯಿಯ ಮಾತು ತೆಗೆಯಲಿಲ್ಲ. ಒಮ್ಮೆಯೂ ‘ಮಾವ’ ಎನ್ನಲಿಲ್ಲ. ಹೊರಡುವಾಗ ಸೊಸೆ ಅಡಿಗೆಮನೆಯ ಬಾಗಿಲಲ್ಲಿ ಮೆಲ್ಲಗೆ ಹೇಳಿದಳು, ಆ ದಿನ ಬೆಂಕಿ ಕೊಡುವ ಮೊದಲು ಒಂದು ಗಂಟೆ ಕಾದರಂತೆ. ಮಾವ ಒಳದಾರಿಯಲ್ಲಿ ಬಂದಾರು ಎಂದು. ಅದೇ ವಾರ ಈಚೆಯಿಂದ ಯಾರೋ ಒಂದು ಮದುವೆಗೆ ಹಾಗೆ ಬಂದಿದ್ದರಂತೆ.

ಪರ್ವ ಮುಗಿದು ಕ್ಷಮಾವಣಿಯ ದಿನ ಅಳಿಯನಿಗೆ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದೆ. ಪ್ರತಿ ವರ್ಷ ಎಲ್ಲರಿಗೂ ಕಳಿಸುವ ಅಚ್ಚಿನ ಮಾತಲ್ಲ, ನಾನೇ ಬರೆದದ್ದು. ಕೈಮುಗಿದ ಚಿತ್ರವೊಂದು ಉತ್ತರವಾಗಿ ಬಂತು. ಅದಕ್ಕೆ ಏನು ಅರ್ಥವೋ! ಮಗನನ್ನು ಕೇಳಿದೆ. “ಎಲ್ಲರೂ ಎಲ್ಲದಕ್ಕೂ ಅದನ್ನೇ ಕಳಿಸುವುದಪ್ಪ” ಎಂದ.

ಅದಾದ ಮೇಲೂ 2021ರಲ್ಲಿ ಎರಡು ಸಲ ತಲಪಾಡಿಯಲ್ಲಿ ತಡೆ ಬಂತು, ಪರೀಕ್ಷೆಯ ಚೀಟಿ ತೋರಿಸಿ ಹೋಗಬೇಕೆಂದು. ತಾಯಿ 2022ರಲ್ಲಿ ತೀರಿಕೊಂಡರು. ಅಳಿಯ ಬಂದಿದ್ದ, ಮೂರು ದಿನ ನಿಂತು ಎಲ್ಲ ಕೆಲಸ ಮಾಡಿಸಿದ. ಬೇಳೆಯ ಫೋಟೋದವರೂ ಬಂದಿದ್ದರು. ಅವರೊಡನೆ ಈಗ ಮಾತಿದೆ. ಫೋಟೋದ ಮಾತು ಇಬ್ಬರೂ ಎತ್ತುವುದಿಲ್ಲ. ಹೆದ್ದಾರಿ ಈಗ ಆರು ಪಥವಾಗಿದೆ. ಐದು ಗಂಟೆಗೆ ಬಾಗಿಲು ಹಾಕುವ ಅಭ್ಯಾಸ ನನ್ನಲ್ಲಿ ನಿಲ್ಲಲಿಲ್ಲ, ಮತ್ತೆ ಎಂಟೂವರೆಯ ಊಟ. ಒಳರಸ್ತೆಯ ದಿಬ್ಬವನ್ನು ತೆಗೆದು ಬದಿಗೆ ತಳ್ಳಿದ ಮಣ್ಣು ಹಾಗೆಯೇ ಉಳಿದು, ಅದರ ಮೇಲೆ ಹುಲ್ಲು ಬೆಳೆದಿದೆ. ಗೊತ್ತಿಲ್ಲದವರು ರಸ್ತೆಯ ಬರೆ ಎಂದುಕೊಳ್ಳುತ್ತಾರೆ.

ಮೊನ್ನೆ ಅಳಿಯನ ಮಗನ ಮದುವೆಯ ಕಾಗದ ಬಂತು. ಹಿರಿಯರ ಹೆಸರುಗಳಲ್ಲಿ ನನ್ನ ಹೆಸರನ್ನು ಮೊದಲು ಹಾಕಿದ್ದಾನೆ. ಪದ್ಧತಿಯೆಂದು ಹಾಕಿದನೋ ಮನಸ್ಸಿನಿಂದ ಹಾಕಿದನೋ ಗೊತ್ತಿಲ್ಲ. ಒಂದು ದಿನ ಮೊದಲೇ ಹೋಗಬೇಕೆಂದು ಹೆಂಡತಿ ಹೇಳುತ್ತಿದ್ದಾಳೆ. ಒಳರಸ್ತೆಯಲ್ಲೇ ಹೋಗುವುದು. ಪಕ್ಕದ ಮನೆಯ ಹುಡುಗ ಗಲ್ಫ್ ಬಿಟ್ಟು ಈಗ ಊರಲ್ಲೇ ಕಾರು ಓಡಿಸುತ್ತಾನೆ. ಆ ದಿನಕ್ಕೆ ಬೇರೆ ಬಾಡಿಗೆ ಹಿಡಿಯಬೇಡವೆಂದು ಅವನಿಗೆ ಹೇಳಿಟ್ಟಿದ್ದೇನೆ.